ಮೂವತ್ತೆರಡನೆಯ ಪೆಟ್ಟು

"ಇಲ್ಲೇ ಇಳಸ್ರಿ ಅವರನ್ನ," ಎಂದಳು ಶೇವಂತೆವ್ವ.

ಚಟ್ಟ ಹೊತ್ತವರು ತಬ್ಬಿಬ್ಬಾದರು. ರಾಯಾಪುರದ ಮಸಣ ಇನ್ನೂ ದೂರವಿತ್ತು. ಇದು ಫಾದರ್‌ಗಳ ಗಂಡುಮಕ್ಕಳ ಹೈಸ್ಕೂಲಿನ ಗೇಟು. ಒಳಗೆ ಶತಮಾನೋತ್ಸವದ ಪೆಂಡಾಲು, ಮೈಕಿನಲ್ಲಿ ಹೆಡ್‌ಮಾಸ್ತರ ಸಿರಿಲ್‌ರ ಭಾಷಣ.

"ಯವ್ವಾ, ಇವತ್ತ ಬ್ಯಾಡ," ಮಗ ಉದಯಕುಮಾರ ಅಂಗಲಾಚಿದ. "ದೊಡ್ಡ ಮಂದಿ ಬಂದಾರ."

"ಬರ್ಲಿ. ಅವರೂ ಕೇಳ್ಲಿ."

ಈ ಶಾಲೆಯದೊಂದು ಪದ್ಧತಿ. ಇಲ್ಲಿ ದುಡಿದವರು ಯಾರೇ ತೀರಿಕೊಳ್ಳಲಿ, ಎಷ್ಟು ವರ್ಷದ ಸೇವೆಯೋ ಅಷ್ಟು ಪೆಟ್ಟು ಗಂಟೆ. ಕೊನೆಯ ಪೆಟ್ಟು ಬೀಳುವವರೆಗೆ ಯಾರೂ ಕೂರುವಂತಿಲ್ಲ, ದನಿ ಎತ್ತುವಂತಿಲ್ಲ. ಫಾದರ್‌ಗಳಿಗೂ ಮಾಸ್ತರರಿಗೂ ಆ ಪೆಟ್ಟು ಹೊಡೆದವನು ಜವಾನ ನೀಲಪ್ಪ, ಈಗ ಚಟ್ಟದ ಮೇಲಿದ್ದ ಶೇವಂತೆವ್ವಳ ಗಂಡ. ಮೂವತ್ತೆರಡು ವರ್ಷ. ಇಂದು ಬೆಳಿಗ್ಗೆ ಮಗ ಹೋಗಿ ಕೇಳಿದಾಗ ಸಿರಿಲ್ ಹೇಳಿದ್ದು ಒಂದೇ ಮಾತು: "ಕೆಲಸದಿಂದ ತಗದವರಿಗೆ ಗಂಟಿ ಇಲ್ಲಪಾ."

*

ಆರು ವರ್ಷದ ಹಿಂದೆ, ಒಂದು ಪರೀಕ್ಷೆಯಲ್ಲಿ ಕೊನೆಯ ಗಂಟೆ ಏಳು ನಿಮಿಷ ತಡವಾಯಿತು. ಪಾಲಕರು ಗಲಾಟೆ ಎಬ್ಬಿಸಿದರು. ನೀಲಪ್ಪ ಕುಡಿದು ಮಲಗಿದ್ದನೆಂದು ಸಿರಿಲ್ ಬರೆದು, ಅವನನ್ನು ಕೆಲಸದಿಂದ ತೆಗೆದು ಕೈತೊಳೆದುಕೊಂಡರು. ನೀಲಪ್ಪ ಜನ್ಮದಲ್ಲಿ ಕುಡಿದವನಲ್ಲ.

"ಸಿರಿಲ್ ಸರ್ ಅವರ ತಮ್ಮನ ಮಗ ಇನ್ನೂ ಬರಿಯಾಕತ್ತಿದ್ದ. 'ನಾ ಹೇಳೂತನಾ ಹೊಡಿಬ್ಯಾಡ' ಅಂದ್ರು. ತಡದೆ," ಎಂದ, ಸುತ್ತಿಗೆ ಕೈಯಲ್ಲಿ ಹಿಡಿದೇ ಮನೆಗೆ ಬಂದವನು.

"ನಾಕ ಮಂದಿ ಮುಂದ ಹೇಳ್ರಲ್ಲ!" ಎಂದಳು ಶೇವಂತೆವ್ವ.

"ಬಡವನ ಸಿಟ್ಟು ದವಡಿಗೆ ಮೂಲ. ಬಿಡ."

ಮತ್ತೆ ಆ ರಸ್ತೆ ತುಳಿಯಲಿಲ್ಲ. ಆದರೆ ಶಾಲೆ ಬಿಡುವ ಹೊತ್ತಿಗೆ, ಎಲ್ಲಿ ಕೂತಿದ್ದರೂ, ಅವನ ಬಲಗೈ ತಾನಾಗಿ ಮೇಲೇಳುತ್ತಿತ್ತು.

*

ಗೇಟಿನ ಬೇವಿನ ಮರದಲ್ಲಿ ಶಾಲೆಯ ಗಂಟೆ, ರೈಲು ಹಳಿಯ ತುಂಡು, ಇನ್ನೂ ತೂಗುತ್ತಿತ್ತು. ಶೇವಂತೆವ್ವ ಸೆರಗಿನೊಳಗಿನ ಸುತ್ತಿಗೆ ತೆಗೆದು ಬೀಸಿದಳು. ಎರಡನೆಯ ಪೆಟ್ಟಿಗೇ ಹುಡುಗರು ಎದ್ದರು, ಅತಿಥಿಗಳೂ ಎದ್ದರು. ಸಿರಿಲ್‌ರ ಭಾಷಣ ಅರ್ಧಕ್ಕೇ ನಿಂತಿತು.

ಹೆಣದ ಜೊತೆ ಬಂದಿದ್ದ ನಿವೃತ್ತ ಡ್ರಿಲ್ ಮಾಸ್ತರ ಕಮರುದ್ದೀನ ಎಣಿಸುತ್ತಿದ್ದರು. ಮೂವತ್ತೊಂದಕ್ಕೆ ಅವಳು ಕೈ ಎತ್ತಿ ನಿಲ್ಲಿಸಿದಳು.

"ಇನ್ನೊಂದ ಉಳದೈತಿ, ತಂಗಿ," ಎಂದು ಪಿಸುಗುಟ್ಟಿದರು.

"ಗೊತ್ತೈತ್ರಿ. ಗಡಿಯಾರ ನೋಡ್ರಿ. ಏಳು ನಿಮಿಷ ಆದ ಮ್ಯಾಲ ಹೇಳ್ರಿ."

ಮಾಸ್ತರರಿಗೆ ಅರ್ಥವಾಯಿತು. ಗಡಿಯಾರ ಕಾಣುವಂತೆ ಮಣಿಕಟ್ಟು ತಿರುಗಿಸಿದರು.

ಸಾವಿರ ಮಂದಿ ತಲೆ ತಗ್ಗಿಸಿ ನಿಂತಿದ್ದರು. ಸಿರಿಲ್ ಒಬ್ಬರೇ ತಲೆಯೆತ್ತಿ ಗೇಟಿನತ್ತ ನೋಡುತ್ತಿದ್ದರು. ಕೂರುವಂತಿಲ್ಲ, ಮಾತಾಡುವಂತಿಲ್ಲ. ಮೂರನೆಯ ನಿಮಿಷಕ್ಕೆ ಬೆವರು ಒರೆಸಿಕೊಂಡರು. ಐದನೆಯದಕ್ಕೆ, ಎಲ್ಲರೆದುರು, ಅವಳಿಗೆ ಕೈಮುಗಿದರು.

ಶೇವಂತೆವ್ವಳ ಬಲಗೈ ಎತ್ತಿದ್ದು ಎತ್ತಿದಂತೆಯೇ ಇತ್ತು.