ಗಂಟಲಲ್ಲಿ ನಿಂತ ಸಾಲು

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವನಿಗೆ ಮಾತಿಗಿಂತ ನೋಟವೇ ಹೆಚ್ಚು ರೂಢಿ. ಮಗನ ಕಾಯಿಲೆಯನ್ನೂ ಅವನೇ ಮೊದಲು ಕಂಡದ್ದು. ಸೂಕ್ಷ್ಮದರ್ಶಕದ ಕೆಳಗೆ, ಇರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಿಳಿ ರಕ್ತಕಣಗಳು. ತಪ್ಪಿರಬಹುದೆಂದು ಮೂರು ಸಲ ಹೊಸ ಗಾಜಿನ ಮೇಲೆ ರಕ್ತ ಸವರಿ ನೋಡಿದ್ದ. ತಪ್ಪಿರಲಿಲ್ಲ. ಮಗನನ್ನು ಮಣ್ಣು ಮಾಡಿ ಈಗ ಹದಿನಾಲ್ಕು ತಿಂಗಳು.

ಅಂದಿನಿಂದ ಪ್ರತಿ ಭಾನುವಾರ ಚರ್ಚಿನಲ್ಲಿ ಅವನು ಒಂದು ಕಳ್ಳತನ ಮಾಡುತ್ತ ಬಂದಿದ್ದ. ಕರ್ತನಾದ ಯೇಸು ಕಲಿಸಿದ ಪ್ರಾರ್ಥನೆಯನ್ನು ಎಲ್ಲರ ಜೊತೆ ಶುರು ಮಾಡಿ, ದೇವರ ಚಿತ್ತದಂತೆಯೇ ಆಗಲಿ ಎನ್ನುವ ಸಾಲು ಬಂದಾಗ ಬರೀ ತುಟಿ ಅಲ್ಲಾಡಿಸುತ್ತಿದ್ದ. ನೂರು ದನಿಗಳ ನಡುವೆ ಒಂದು ದನಿ ಇಲ್ಲದ್ದು ಯಾರಿಗೆ ಗೊತ್ತಾಗಬೇಕು?

ಗೊತ್ತಾಗದ್ದರಿಂದಲೇ ಪಾದ್ರಿಗಳು ಅವನನ್ನು ಟೈಲರಮ್ಮನ ಮನೆಗೆ ಕಳಿಸಿದರು. ಅವಳ ಒಂಬತ್ತು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡು ಆರು ದಿನ. ಒಂದು ಹನಿ ಕಣ್ಣೀರು ಹಾಕಿಲ್ಲ, ಊಟ ಬಿಟ್ಟಿದ್ದಾಳೆ, ಸಮಾಧಾನ ಹೇಳಲು ಹೋದವರನ್ನು ಅಟ್ಟುತ್ತಿದ್ದಾಳೆ. ಆ ದಾರಿ ತುಳಿದವರು ನೀವೊಬ್ಬರೇ, ಜೊತೆಗೆ ಕೂತು ಪ್ರಾರ್ಥನೆ ಮಾಡಿಸಿ ಬನ್ನಿ ಎಂದರು. ಒಲ್ಲೆನೆನ್ನಲು ಕಾರಣ ಹೇಳಬೇಕಿತ್ತು. ಹೇಳಲಾಗದೆ ಹೊರಟ. ಇಬ್ಬರೇ ಕೂತಾಗ ತುಟಿ ಅಲ್ಲಾಡಿಸಿ ಪಾರಾಗುವುದು ಹೇಗೆ ಎಂಬ ಅಳುಕು ದಾರಿಯುದ್ದಕ್ಕೂ ಕಾಲು ಜಗ್ಗಿತು.

ಬಾಗಿಲು ತೆಗೆದ ಅವಳ ಅತ್ತೆ ಕಣ್ಣಲ್ಲೇ ಒಳಗೆ ಕರೆದಳು. ಟೈಲರಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಮಗಳ ಸ್ಕರ್ಟಿನ ಅಂಚು ಬಿಚ್ಚುತ್ತಿದ್ದಳು. ಬೆಳೆಯುವ ಮಗು ಅಂತ ಮೂರು ಬೆರಳು ಬಟ್ಟೆ ಒಳಗೆ ಮಡಿಸಿ ಹೊಲಿದಿದ್ದಳು ಎಂದು ಅತ್ತೆ ಪಿಸುಗುಟ್ಟಿದಳು.

"ನೀವೂ ಹೂವಿನ ಕಥೆ ಹೇಳೋಕೆ ಬಂದ್ರಾ ಅಣ್ಣ?" ಎಂದಳು ತಲೆ ಎತ್ತದೆ. ನಿನ್ನೆ ಬಂದ ಹೆಂಗಸು, ದೇವರು ತನ್ನ ತೋಟಕ್ಕೆ ಒಳ್ಳೊಳ್ಳೆ ಹೂವನ್ನೇ ಆರಿಸುತ್ತಾನೆ ಎಂದಳಂತೆ. "ನಿಮ್ಮನೇಲೂ ಮೂರು ಹೂವಿದಾವಲ್ಲ, ಒಂದನ್ನ ಕಳ್ಸಿ ಅಂದೆ. ಚಪ್ಪಲಿ ಹಾಕ್ಕೊಳ್ಳೋದೂ ಮರ್ತು ಓಡಿದ್ಲು."

ಅವನಿಗೆ ನಗು ಬಂತು; ಬಂದದ್ದಕ್ಕೆ ನಾಚಿಕೆಯೂ ಆಯಿತು. ಪ್ರಾರ್ಥನೆ ಮಾಡೋಣವೇ ಎಂದು ಕೇಳಿದ. ಅವಳು ಸ್ಕರ್ಟನ್ನು ಮಡಿಲಿಗೆ ಇಳಿಸಿದಳು. ಅವನು ಕಣ್ಣು ಮುಚ್ಚಿ ಶುರು ಮಾಡಿದ. ಎರಡನೆಯ ಸಾಲಿಗೆ ಅವಳ ದನಿ ಸೇರಿತು, ಅಭ್ಯಾಸಬಲವೋ ಏನೋ. ದೇವರ ಚಿತ್ತದ ಸಾಲು ಬಂತು. ಅವನ ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಅವಳ ದನಿಯೂ ಇಲ್ಲ. ಕಣ್ಣು ಬಿಟ್ಟರೆ ಅವಳು ಅವನನ್ನೇ ನೋಡುತ್ತಿದ್ದಳು.

"ನಿಲ್ಸಿಬಿಟ್ರಿ."

ಕೆಮ್ಮು ಬಂತೆಂದು ಸುಳ್ಳು ಹೇಳಬಹುದಿತ್ತು. "ಮಗ ಹೋದಾಗಿಂದ ನನ್ನ ಕೈಲಿ ಅದನ್ನ ಹೇಳೋಕಾಗ್ತಿಲ್ಲ ಕಣಮ್ಮ," ಎಂದ. "ಚರ್ಚಲ್ಲಿ ಬರೀ ಬಾಯಿ ಆಡಿಸ್ತೀನಿ."

"ಮತ್ತೆ ಯಾಕೆ ಹೋಗ್ತೀರಾ?"

ಇನ್ಯಾರ ಹತ್ತಿರ ಹೋಗಿ ಜಗಳ ಆಡಲಿ ಎಂದ. ಶಿಲುಬೆಯ ಮೇಲೆ ಯೇಸುವೂ ನನ್ನ ದೇವರೇ, ಯಾಕೆ ಕೈಬಿಟ್ಟೆ ಎಂದು ಕೂಗಿದನಲ್ಲ. ಹಾಗೆ ಕೂಗಿದವನಿಗಾದರೂ ನನ್ನದು ಕೇಳಿಸೀತು ಅಂದುಕೊಂಡಿದ್ದೇನೆ, ಖಾತ್ರಿಯೇನೂ ಇಲ್ಲ ಎಂದ.

ಅವಳ ಮುಖ ಸೆಟೆದುಕೊಂಡೇ ಇತ್ತು. ಕಣ್ಣೀರು ಮಾತ್ರ ಇಳಿಯತೊಡಗಿತು. ಅತ್ತೆ ಗೋಡೆಗೊರಗಿ ಹಾಗೇ ಕುಸಿದು ಕೂತಳು. ಅವನಿಗೂ ದುಃಖ ಉಕ್ಕಿತು. ಮೂವರಲ್ಲಿ ಯಾರೂ ಯಾರನ್ನೂ ಸುಮ್ಮನಾಗಿಸಲು ಹೋಗಲಿಲ್ಲ.

ಬಹಳ ಹೊತ್ತಿನ ಮೇಲೆ ಅವನು ಎದ್ದಾಗ ಅವಳು, "ನಾಳೆ ಬರ್ತೀರಾ?" ಎಂದಳು.

"ಬರ್ತೀನಿ. ಆದ್ರೆ ನಾಳೆನೂ ಆ ಸಾಲಲ್ಲೇ ನಿಲ್ತೀನಿ."

"ನಾನೂ ಅಷ್ಟೆ. ಬನ್ನಿ ಅಣ್ಣ."