ನಿಲ್ಸ್ ಟ್ವೇಟ್ ನಡುಗಡ್ಡೆ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಓರ್ವಲ್ ಟ್ವೇಟನ ಎಡಗಾಲಿನ ಕಾಲುಚೀಲ ಒದ್ದೆಯಾಗಿದೆ, ಬಲಗಾಲಿನದು ಇನ್ನೂ ಒಣಗಿಯೇ ಇದೆ, ಆ ಒಣಗಾಲನ್ನೇ ಮುಂದಿಟ್ಟು ಅವನು ದೋಣಿಯಿಂದ ನಡುಗಡ್ಡೆಗೆ ಇಳಿಯುತ್ತಿದ್ದಾನೆ — ಇಳಿದೇಬಿಟ್ಟ! ಅಲಾಸ್ಕಾದ ಈ ಹೆಸರಿಲ್ಲದ ಸರೋವರದ ನಟ್ಟನಡುವೆ, ಉತ್ತರಕ್ಕೆ ಹಿಮನದಿಯ ನೀಲಿ ಗೋಡೆ, ದಕ್ಷಿಣಕ್ಕೆ ಅದು ಎಂದೋ ತಳ್ಳಿ ತಂದು ಸುರಿದ ಕಲ್ಲಿನ ಒಡ್ಡು, ನೀರೋ ಸುಣ್ಣ ಕದಡಿದ ಹಾಗೆ, ಅಗೋ ದಡದಲ್ಲಿ ಕೆಂಪು ಡೇರೆ, ಅದರ ಹಿಂದೆ ನೆಟ್ಟಗೆ ಒಂಟಿ ಮರ, ಮುಂದೆ ಭಾವಮೈದ ಲಾಯ್ಡ್, ಲಾಯ್ಡನ ಮುಂದೆ ಅವನ ಹೊಟ್ಟೆ. ನೋಡೋ ಲಾಯ್ಡ್, ಕಣ್ತುಂಬ ನೋಡು, ನಿಮ್ಮಜ್ಜನ ಹೆಸರಿಗೆ ಒಂದು ಗುಡ್ಡ, ಒಂದು ಹಳ್ಳ, ಸಾಲದ್ದಕ್ಕೆ ಒಂದು ಜೌಗು, ಅಲ್ಲಿನ ಸೊಳ್ಳೆಗಳಿಗೂ ನಿಮ್ಮ ಮನೆತನದ ಹೆಸರು ಬಾಯಿಪಾಠ, ಈ ದಡದಲ್ಲೇ ಬೆನ್ನು ಬಗ್ಗಿಸಿ ಮೀನು ಹಿಡಿದು ಸತ್ತ ನಮ್ಮಪ್ಪ ನಿಲ್ಸನಿಗೆ ಭೂಪಟದಲ್ಲಿ ಒಂದು ಚುಕ್ಕೆಯೂ ಇಲ್ಲ, ಇವತ್ತಿನವರೆಗೆ. ಭಾವ, ನಿನ್ನ ಗಡ್ಡೆ ಮೇಲೆ ಪೂರ್ತಿ ಹೆಸರು ಹಿಡಿಯುತ್ತಾ, ಇಲ್ಲ ಬರೀ ಇನಿಶಿಯಲ್ಲಾ — ನಿನ್ನೆ ಸಾಲ್ಮನ್ ಮೀನು ಸುಡುತ್ತಾ ನಕ್ಕಿದ್ದ, ನಗಲಿ, ಭೂಪಟದ ಕಚೇರಿಯ ರೆನಾಟಾ ಅವನ ಪಕ್ಕದಲ್ಲೇ ನಿಂತಿದ್ದಾಳೆ, ನಡುಗಡ್ಡೆ ಇದ್ರೆ ಅದಕ್ಕೆ ನಿಮ್ಮಪ್ಪನ ಹೆಸರೇ, ಓರ್ವಲ್ ಅವ್ರೇ, ಎಂದು ಮಾತು ಕೊಟ್ಟಿದ್ದಾಳೆ. ಇದೆಯಲ್ಲ! ಮೂರು ಬೇಸಿಗೆಯಿಂದ ಕೂತಲ್ಲೇ ಕೂತಿದೆ, ಜಲ್ಲಿ, ಬಂಡೆ, ಬಂಡೆಯ ಸಂದಿಯಲ್ಲಿ ಗುಲಾಬಿ ಬಣ್ಣದ ಹೂವು ಬೇರೆ. ಕಲ್ಲಿನ ಮೇಲೆ ಕಲ್ಲು, ಇನ್ನೊಂದು ಕಲ್ಲು, ಅಪ್ಪಾ, ನೀನೀಗ ಭೂಗೋಳ — ಎರಡೂ ಕೈ ಮೇಲೆತ್ತಿ ಕೂಗುತ್ತಾನೆ, ಹಿಮನದಿ ಅದನ್ನೇ ಎರಡು ಸಲ ಕೂಗುತ್ತದೆ, ಎಂಥ ಗಾಳಿ, ಎಂಥ ಬಿಸಿಲು, ವಾರದಿಂದ ಇದೇ ಬಿಸಿಲು, ನೀರು ಎಷ್ಟು ಏರಿದೆ, ಡೇರೆಯ ಹಿಂದೆ ಜಲಪಾತ ಎಷ್ಟು ಚಂದ — ಜಲಪಾತವೇ? ಮರ ಇತ್ತಲ್ಲ?

ಲಾಯ್ಡ್, ಡೇರೆ ಯಾಕೋ ಕಿತ್ತೆ? ನಾನೆಲ್ಲಿ ಕಿತ್ತೆ ಮಹರಾಯ, ನೀನೇ ಹೊರಟಿದ್ದೀಯ! ಓರ್ವಲ್ ಅವ್ರೇ, ಕಾಲ ಕೆಳಗೆ ಸ್ವಲ್ಪ ಕೆದಕಿ ನೋಡಿ, ಇದು ರೆನಾಟಾಳ ದನಿ. ಕೆದಕುತ್ತಾನೆ. ಒಂದು ಗೇಣು ಜಲ್ಲಿ, ಅದರಡಿ ಮಂಜುಗಡ್ಡೆ, ಕಪ್ಪಗೆ, ಗಾಜಿನ ಹಾಗೆ, ಹಿಮನದಿಯಿಂದ ಮುರಿದು ಬಂದು ತಳಕ್ಕೆ ತಟ್ಟಿ ಕೂತದ್ದು ಏರಿದ ನೀರಿಗೆ ಎದ್ದಿದೆ. ತಳಕ್ಕೆ ಅಂಟಿರ್ಬೇಕು ಓರ್ವಲ್ ಅವ್ರೇ, ತೇಲೋದಕ್ಕೆ ಹೆಸರಿಡೋ ಹಾಗಿಲ್ಲ, ನಿಯಮ. ನಿಯಮವಂತೆ — ಲಾಯ್ಡನ ಗುಡ್ಡ ಯಾವತ್ತಾದರೂ ಹೀಗೆ ಹೊರಟಿದೆಯೇ, ಇಡೀ ಸರೋವರ ಅಪ್ಪನಿಗೆ ದಾರಿ ಬಿಡುತ್ತಿದೆ, ಎತ್ತಿದ ಕೈ ಇಳಿಸಬಾರದು, ಇಳಿಸುವುದಿಲ್ಲ, ಡೇರೆ ಜಲಪಾತವನ್ನೂ ದಾಟಿತು, ಕೆಂಪು ಡೇರೆ, ಎಡಕ್ಕೆ, ಇನ್ನೂ ಎಡಕ್ಕೆ, ಕೆಂಪು ಡೇರೆ