ರುಖಿಯಾಳ ಹನ್ನೆರಡು ಕಿಲೋ

ತಲಶ್ಶೇರಿಯ ರುಖಿಯಾ ತಮ್ಮ ಮೊಯ್ದುವಿಗೆ ತನ್ನದೊಂದು ಕಿಡ್ನಿ ಕೊಡುತ್ತೇನೆಂದಾಗ ಡಾಕ್ಟರು ಹಾಕಿದ ಷರತ್ತು ಒಂದೇ. ಎಂಬತ್ತಾರು ಕಿಲೋ ಇರುವವಳು ಮೂರು ತಿಂಗಳಲ್ಲಿ ಎಪ್ಪತ್ತನಾಲ್ಕಕ್ಕೆ ಇಳಿಯಬೇಕು. ಇಷ್ಟು ಮೈ ಇರುವವರನ್ನು ಕೊಯ್ಯುವುದು ಅಪಾಯ. ರಕ್ತ ಹೊಂದಿತ್ತು, ಗಂಡ ಒಪ್ಪಿದ್ದ, ಕಾಗದಪತ್ರವೆಲ್ಲ ಮುಗಿದಿತ್ತು. ಉಳಿದದ್ದು ಹನ್ನೆರಡು ಕಿಲೋ. ಅಷ್ಟೇ ತಾನೇ ಅಂದುಕೊಂಡಳು, ಪಾಪ.

ಮೊದಲ ತಿಂಗಳು ಬೇಯಿಸಿದ ಸೊಪ್ಪು, ಸಕ್ಕರೆಯಿಲ್ಲದ ಚಹಾ, ಪತ್ತಿರಿ ಎಂಬ ತೆಳು ಅಕ್ಕಿರೊಟ್ಟಿ ಎರಡರಲ್ಲಿ ದಿನ ದೂಡಿ ಆರು ಕಿಲೋ ಇಳಿದಳು. ಅಷ್ಟರಲ್ಲಿ ಸುದ್ದಿ ನೆಂಟರಿಗೆಲ್ಲ ಮುಟ್ಟಿತು. ಹಜ್ಜಿಗೆ ಹೊರಟವರನ್ನು ಮನೆಮನೆಗೆ ಕರೆದು ಉಣ್ಣಿಸಿ, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ ಎಂದು ಕೇಳಿಕೊಳ್ಳುವುದು ಅಲ್ಲಿಯ ರೂಢಿ. ತಮ್ಮನಿಗಾಗಿ ಮೈ ಕೊಯ್ಸಿಕೊಳ್ಳಲು ಹೊರಟವಳು ಹಜ್ಜಿಯವರಿಗಿಂತ ಕಡಿಮೆಯೇ? ಕರೆಯ ಮೇಲೆ ಕರೆ ಬಂತು. ಹೋಗದಿದ್ದರೆ ಸೊಕ್ಕು, ಹೋಗಿ ತಿನ್ನದಿದ್ದರೆ ಅವಮಾನ. ಕುಂಞಾಮಿನ ಚಿಕ್ಕಮ್ಮ ಬಿರಿಯಾನಿಯ ಮೇಲೆ ಇನ್ನೊಂದು ಸೌಟು ಬಡಿಸುತ್ತ, "ಒಳಗಿಂದ ಒಂದು ತೆಗೀತಾರಂತೆ, ಆ ಜಾಗ ತುಂಬಬೇಡ್ವಾ ಮೋಳೆ, ನನ್ನ ಮಗಳೇ, ತಿನ್ನು," ಅಂದರು. ತೂಕ ಇಳಿಸಬೇಕು ಎಂದು ರುಖಿಯಾ ಎಷ್ಟು ಹೇಳಿದರೂ ಅದು ಯಾರ ಕಿವಿಗೂ ಬೀಳಲಿಲ್ಲ.

ಹಾಗಂತ ಎಲ್ಲ ತಪ್ಪನ್ನೂ ನೆಂಟರ ತಲೆಗೆ ಕಟ್ಟಿದರೆ ಅದು ಸುಳ್ಳಾಗುತ್ತದೆ. ಯಾರೂ ಕರೆಯದ ವಾರಗಳೂ ಇದ್ದವು. ಆಗಲೂ ತೂಕದ ಮುಳ್ಳು ಎಂಬತ್ತರಲ್ಲೇ ನಿಂತಿತ್ತು. ಬರಗಾಲ ಬಂತೆಂದು ಮೈ ಹೆದರುತ್ತದೆ, ಇದ್ದದ್ದನ್ನು ಬಿಗಿಹಿಡಿದು ಹಸಿವು ಹೆಚ್ಚಿಸುತ್ತದೆ ಎಂದು ಡಾಕ್ಟರೇ ಹೇಳಿದ್ದರು. ಹೇಳಿದ ಮೇಲೂ ಇಳಿಸಿಕೊಂಡು ಬಾ ಅಂದಿದ್ದರು. ಆರು ಜನರ ಅಡುಗೆ ಅವಳದೇ. ಒಂದು ಮಧ್ಯಾಹ್ನ ಎಲ್ಲರಿಗೂ ನೈಪತ್ತಿರಿ ಕರಿದು ಮುಗಿಸಿ ಎಣಿಸಿದರೆ ನಾಲ್ಕು ಕಡಿಮೆ. ಬಾಯಲ್ಲಿ ಇನ್ನೂ ರುಚಿ ಇತ್ತು. ತಿಂದದ್ದು ಯಾವಾಗ ಎಂದೇ ನೆನಪಾಗಲಿಲ್ಲ. ಒಲೆಯ ಮುಂದೆ ನಿಂತು ಅತ್ತಳು. ಯಾರಾದರೂ ಕೇಳಿದರೆ ಈರುಳ್ಳಿ ಅನ್ನಬಹುದಿತ್ತು. ಯಾರೂ ಕೇಳಲಿಲ್ಲ.

ಇಷ್ಟಾದರೂ ತಮ್ಮನನ್ನು ಬೈಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಮೊಯ್ದುವಿಗೆ ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆಂದು ದಿನಕ್ಕೆ ಮೂರೇ ಲೋಟ ಅಪ್ಪಣೆ. ಕದ್ದು ಕುಡಿದರೆ ಆಸ್ಪತ್ರೆಯ ತೂಕದ ಯಂತ್ರ ಹೇಳಿಬಿಡುತ್ತಿತ್ತು. ಎರಡು ದಿನಕ್ಕೆ ಮೂರು ಕಿಲೋ ಏರಿಸಿಕೊಂಡು ಬಂದಾಗಲೆಲ್ಲ ನರ್ಸುಗಳ ಎದುರೇ, ಒಂದು ಲೋಟ ನೀರು ಬಿಡೋಕಾಗದ ಗಂಡಸು ನೀನು ಎಂದು ಮಾನ ಕಳೆಯುತ್ತಿದ್ದಳು. ಅವನು ತಲೆ ತಗ್ಗಿಸಿ ಮಂಚ ಹತ್ತುತ್ತಿದ್ದ.

ಮೂರು ತಿಂಗಳ ಗಡುವು ಮುಗಿದ ದಿನ ಅದೇ ಯಂತ್ರದ ಮೇಲೆ ಅವಳು ನಿಂತಳು. ಎಂಬತ್ತೆರಡು. ಡಾಕ್ಟರು ಬೈಯಲಿಲ್ಲ, ಇನ್ನೂ ಮೂರು ತಿಂಗಳು ನೋಡೋಣ, ಆದರೆ ಇವರ ಹೃದಯ ಸೋಲುತ್ತಿದೆ ಎಂದು ಮೊಯ್ದುವಿನ ಕಡೆ ಕೈ ತೋರಿಸಿ ಹೋದರು. ಅವಳು ಇಳಿದಳು, ಅವನು ಹತ್ತಿದ. ಮೂರೂವರೆ ಹೆಚ್ಚು.

"ಯಾಕೆ ಇತ್ತಾ, ಇವತ್ತು ಬೈಯಲ್ವಾ?" ಅಂದ. ಅಕ್ಕನನ್ನು ಚಿಕ್ಕಂದಿನಿಂದ ಅವನು ಇತ್ತಾ ಎಂದೇ ಕರೆಯುವುದು.

"ಯಾವ ಬಾಯಲ್ಲಿ ಬೈಲೋ?"

ಅವನು ಮಂಚದ ಮೇಲೆ ಕೂತು ತೋಳು ಚಾಚಿದ. "ಮುಖ ತೊಳೆಯೋಕೆ ಅಂತಾನೇ ಹೋಗ್ತೀನಿ. ಕುಡಿಯೋಕಲ್ಲ. ಆಮೇಲೆ ನೋಡಿದ್ರೆ ಕುಡಿದಾಗಿರುತ್ತೆ. ನಿಂಗೆ ಹೇಳಿದ್ರೆ ನಂಬಲ್ಲ ಅಂತ ಸುಮ್ನಿದ್ದೆ."

"ನಂಬ್ತೀನಿ," ಅಂದಳು. ಎರಡು ವರ್ಷ ಬೈದದ್ದೆಲ್ಲ ನೆನಪಾಯಿತು. ನಾಚಿಕೆಯಾಯಿತು. ಅದರ ಜೊತೆಗೇ ಹಸಿವೂ ಆಗುತ್ತಿತ್ತು, ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ನರ್ಸು ಸೂಜಿ ಚುಚ್ಚಿದಳು. ಕೊಳವೆಯಲ್ಲಿ ರಕ್ತ ಹರಿಯತೊಡಗಿತು.

"ಇನ್ನು ಮೂರು ತಿಂಗಳು ತಡ್ಕೋತೀಯೇನೋ?" ಎಂದು ರುಖಿಯಾ ಕೇಳಿದಳು.

ಮೊಯ್ದು ಅವಳ ಮುಖವನ್ನೇ ನೋಡಿದ.

"ನೀನು ತಡ್ಕೋತೀಯಾ?"

ಅಕ್ಕ ತಮ್ಮ ಒಬ್ಬರಿಗೊಬ್ಬರು ಎಂದೂ ಸುಳ್ಳು ಹೇಳಿದವರಲ್ಲ. ತಡ್ಕೋತೀನಿ ಅನ್ನುವ ಬದಲು ರುಖಿಯಾ ಅವನ ಹೊದಿಕೆ ಎಳೆದು ಸರಿಮಾಡಿದಳು.